ಏನೂ ಆಗದ ದಿನದ ಹುಡುಗಿಯರು

ಮಧ್ಯಾಹ್ನದ ಊಟದ ಬಿಡುವು. ಯೂಕೊ ಎಂಬ ಹೈಸ್ಕೂಲು ಹುಡುಗಿಯ ಬುತ್ತಿಯಿಂದ ಸಾಸೇಜಿನ ಒಂದು ತುಂಡು ಜಾರುತ್ತದೆ. ನೆಲ ಮುಟ್ಟುವ ಮೊದಲು ಹಿಡಿಯಬೇಕು, ವಿಷಯ ಅಷ್ಟೇ. ಆದರೆ ಆ ಕೆಲವು ಕ್ಷಣಗಳಿಗೆ ಚಿತ್ರಕಾರರು ಮಹಾಯುದ್ಧವೊಂದಕ್ಕೆ ಸಾಲುವಷ್ಟು ಗೆರೆ, ವೇಗ, ಸದ್ದು ಸುರಿದಿದ್ದಾರೆ. ಹುಡುಗಿಯ ಪ್ರಾಣವೆಲ್ಲ ಆ ತುಂಡಿನ ಮೇಲೆ. ನೋಡುವ ನಮ್ಮ ಉಸಿರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇದು ‘ನಿಚಿಜೋ’. ಕೆಯಿಚಿ ಅರಾವಿಯ ಮಂಗಾವನ್ನು, ಅಂದರೆ ಜಪಾನೀ ಕಾಮಿಕ್ಸನ್ನು, 2011ರಲ್ಲಿ ಕ್ಯೋಟೊ ಆ್ಯನಿಮೇಷನ್ ಸಂಸ್ಥೆ ತತ್ಸುಯ ಇಶಿಹಾರಾ ನಿರ್ದೇಶನದಲ್ಲಿ 26 ಕಂತುಗಳ ಅನಿಮೆ ಮಾಡಿತು. ಯೂಕೊ, ಮಿಯೊ, ಮಾಯಿ ಎಂಬ ಮೂವರು ಗೆಳತಿಯರು. ಇನ್ನೊಂದು ಮನೆಯಲ್ಲಿ ನಾನೊ ಎಂಬ ಯಂತ್ರದ ಹುಡುಗಿ. ಬೆನ್ನಲ್ಲಿ ಅಂಟಿಕೊಂಡಿರುವ ಕೀಲಿ ಯಾರ ಕಣ್ಣಿಗೂ ಬೀಳಬಾರದು, ಎಲ್ಲರ ಹಾಗೆ ಶಾಲೆಗೆ ಹೋಗಬೇಕು ಎಂಬುದೇ ಅವಳ ಹಂಬಲ. ಮುಖ್ಯೋಪಾಧ್ಯಾಯರು ಅಂಗಳದಲ್ಲಿ ಜಿಂಕೆಯೊಂದಿಗೆ ಕುಸ್ತಿಗೆ ಬಿದ್ದಿರುವುದನ್ನು ಯೂಕೊ ಕಿಟಕಿಯಿಂದ ಕಾಣುತ್ತಾಳೆ. ಇಂಥ ವಿಚಿತ್ರಗಳು ಬರುತ್ತವೆ, ಹೋಗುತ್ತವೆ. ಹುಡುಗಿಯರಿಗೆ ಹೋಮ್‌ವರ್ಕು ಮರೆತದ್ದೇ ಅದಕ್ಕಿಂತ ದೊಡ್ಡ ಸಂಗತಿ.

ಹದಿಹರೆಯದ ಹುಡುಗಿಯರ ದಿನಚರಿಯನ್ನೇ ಕಥೆ ಮಾಡಿಕೊಂಡ ಈ ಜಪಾನೀ ಪರಂಪರೆಯನ್ನು ಬಹಳ ಮಂದಿ ತಳ್ಳಿಹಾಕುವುದು ‘ಅದರಲ್ಲಿ ಏನೂ ಆಗುವುದಿಲ್ಲ’ ಎಂಬ ಒಂದೇ ಮಾತಿನಿಂದ. ನನಗೆ ಅದರ ದೊಡ್ಡ ಸಾಧನೆ ಅಲ್ಲೇ ಕಾಣುತ್ತದೆ. ಹುಡುಗಿಯೊಬ್ಬಳು ಮದುವೆಯಾಗದೆ, ಸಾಯದೆ, ಯಾರನ್ನೂ ಉದ್ಧರಿಸದೆ, ಸುಮ್ಮನೆ ಗೆಳತಿಯ ಜೊತೆ ಹರಟುತ್ತಾ ಇಡೀ ಕಂತನ್ನು ತುಂಬಬಲ್ಲಳು ಎಂದು ನಂಬುವುದಕ್ಕೆ ಧೈರ್ಯ ಬೇಕು. ಕಾಸರಗೋಡಿನಲ್ಲಿ ಕೂತು ಇದನ್ನು ನೋಡುವಾಗ ಆ ಧೈರ್ಯದ ಬೆಲೆ ಇನ್ನೂ ಹೆಚ್ಚು ತಿಳಿಯುತ್ತದೆ.

ಈ ಪರಂಪರೆಯ ಬೇರು ಹೆಂಗಸರ ಕೈಯಲ್ಲಿದೆ. ಯುದ್ಧದಲ್ಲಿ ಸೋತ ದೇಶ ಅನ್ನಕ್ಕೆ ಪರದಾಡುತ್ತಿದ್ದ 1946ರಲ್ಲಿ ಮಾಚಿಕೊ ಹಸೆಗಾವಾ ಎಂಬಾಕೆ ಪತ್ರಿಕೆಗೆ ನಾಲ್ಕು ಚೌಕಗಳ ‘ಸಾಜಯೆ-ಸಾನ್’ ಬರೆಯತೊಡಗಿದರು. ಒಂದು ಸಾಮಾನ್ಯ ಮನೆ, ಅದರ ತಾಪತ್ರಯ, ಅದರ ನಗು. ಟಿ.ವಿ.ಗೆ ಅದು ಬಂದದ್ದು 1969ರಲ್ಲಿ. ಭಾನುವಾರ ಸಂಜೆಯ ಆ ಮನೆ ಇಂದಿಗೂ ಮುಚ್ಚಿಲ್ಲ. 1986ರಲ್ಲಿ ಮೊಮೊಕೊ ಸಕುರಾ ಬಾಲಕಿಯರ ಮಾಸಿಕ ‘ರಿಬೊನ್’ನಲ್ಲಿ ತಮ್ಮ ಬಾಲ್ಯವನ್ನೇ ‘ಚಿಬಿ ಮಾರುಕೊ-ಚಾನ್’ ಎಂದು ಚಿತ್ರಿಸಿದರು. 1970ರ ದಶಕದ ಶಿಮಿಜು ಎಂಬ ಊರು, ಮೂರನೇ ಕ್ಲಾಸಿನ ಸೋಮಾರಿ ಹುಡುಗಿ. ಅಕ್ಕನ ಜೊತೆ ಜಗಳವಾಡುವ, ಅಜ್ಜನನ್ನು ಪುಸಲಾಯಿಸಿ ಕೆಲಸ ಸಾಧಿಸುವ ಹುಡುಗಿ ಅವಳು. ಹುಡುಗಿ ಒಳ್ಳೆಯವಳಾಗಿಯೇ ಇರಬೇಕಿಲ್ಲ ಎಂಬ ಸ್ವಾತಂತ್ರ್ಯವನ್ನು ಸಕುರಾ ಕೊಟ್ಟಷ್ಟು ಧಾರಾಳವಾಗಿ ಬೇರೆ ಯಾರೂ ಕೊಟ್ಟಂತಿಲ್ಲ.

1999ರಿಂದ ದಾರಿ ತಿರುಗಿತು. ಕಿಯೊಹಿಕೊ ಅಜುಮಾ ಬರೆದ ‘ಅಜುಮಾಂಗಾ ದೈಓ’ ಹೈಸ್ಕೂಲಿನ ಆರೇಳು ಹುಡುಗಿಯರ ಮೂರು ವರ್ಷಗಳನ್ನು ಅದೇ ನಾಲ್ಕು ಚೌಕಗಳಲ್ಲಿ ಹೇಳಿತು. ಅನಿಮೆ ಆದದ್ದು 2002ರಲ್ಲಿ. ಅದೇ ವರ್ಷ ಹುಟ್ಟಿದ ‘ಮಂಗಾ ಟೈಮ್ ಕಿರಾರಾ’ ಪತ್ರಿಕೆ ಇಂಥ ಕಥೆಗಳಿಗೆ ಕಾರ್ಖಾನೆಯೇ ಆಯಿತು. ಅಲ್ಲಿಂದ ಬಂದದ್ದು ‘ಕೆ-ಆನ್!’. ಸಂಗೀತದ ಕ್ಲಬ್ಬು ಸೇರಿದ ಹುಡುಗಿಯರು ಅಭ್ಯಾಸಕ್ಕಿಂತ ಹೆಚ್ಚು ಹೊತ್ತು ಚಹಾ ಕುಡಿಯುತ್ತಾರೆ. ಹುಡುಗಿಯರ ಬದುಕು ಈಗ ಹೆಚ್ಚಾಗಿ ಪ್ರಾಯದ ಗಂಡಸರು ಓದುವ ಪತ್ರಿಕೆಗಳಿಗೆ, ತಡರಾತ್ರಿಯ ಪ್ರಸಾರಕ್ಕೆ ಬಂದಿತ್ತು.

ಇಲ್ಲಿಯೇ ನನ್ನ ತಕರಾರು. ಓದುಗ ಬದಲಾದ ಮೇಲೆ ಹುಡುಗಿಯರೂ ಬದಲಾದರು. ಅಪ್ಪ ಅಮ್ಮ ಮಾಯವಾದರು. ಫೀಸಿನ ಮಾತಿಲ್ಲ, ಮನೆಯ ಸಾಲವಿಲ್ಲ. ಹುಡುಗರನ್ನು ಚೌಕದ ಹೊರಗೆ ನಿಲ್ಲಿಸಿದ್ದು ಒಂದು ರೀತಿಯಲ್ಲಿ ಬಿಡುಗಡೆಯೇ. ಆದರೆ ಹುಡುಗಿಯ ಮೈಯ ನಿಜವನ್ನೂ ಅವರ ಜೊತೆಗೇ ಹೊರಗಿಟ್ಟದ್ದು ಅನ್ಯಾಯ. ತಿಂಗಳ ಮುಟ್ಟು, ಮೊಡವೆ, ಬೆವರು, ಸಿಡುಕು ಯಾವುದೂ ಇಲ್ಲದ, ಸದಾ ಮುದ್ದಾದ ಹುಡುಗಿಯರನ್ನು ನೂರಾರು ಕಂತುಗಳಲ್ಲಿ ಕಾಣಬಹುದು. ಅಂಥವು ನೋಡುವವನ ದಣಿವು ಆರಿಸಲು ಮಾಡಿದ ಗೊಂಬೆಗಳು. ಪರಂಪರೆಯ ಒಳ್ಳೆಯ ಕೃತಿಗಳನ್ನು ಇಂಥ ಸರಕಿನಿಂದ ಬೇರ್ಪಡಿಸದೆ ಹೊಗಳುವುದೂ ತೆಗಳುವುದೂ ಎರಡೂ ಸುಲಭದ ಕೆಲಸ.

ಬೇರ್ಪಡಿಸಲು ನನಗೆ ಅಳತೆಗೋಲಾಗಿರುವುದು ಇಸಾವೊ ತಕಾಹತಾ ಅವರ 1991ರ ಚಿತ್ರ ‘ಒಮೊಯಿದೆ ಪೊರೊ ಪೊರೊ’. ಇಪ್ಪತ್ತೇಳು ವರ್ಷದ ತಾಯೆಕೊ ಹಳ್ಳಿಗೆ ಹೊರಟಾಗ ಐದನೇ ಕ್ಲಾಸಿನ ತಾನೇ ಜೊತೆಗೆ ಬರುತ್ತಾಳೆ. ಒಂದು ದಿನ ಮನೆಗೆ ಇಡೀ ಅನಾನಸು ಬರುತ್ತದೆ. ಕೊಯ್ಯುವುದು ಹೇಗೆಂದೇ ಮನೆಯಲ್ಲಿ ಯಾರಿಗೂ ತಿಳಿಯದು. ಆಮೇಲೆ ಅಕ್ಕ ಕೇಳಿ ತಿಳಿದುಕೊಂಡು ಬರುತ್ತಾಳೆ. ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದು ಹೋಳು ಬಾಯಿಗಿಡುತ್ತಾರೆ. ಗಟ್ಟಿ, ಸಿಹಿಯೂ ಸಾಲದು. ಎಲ್ಲರ ಮುಖ ಸಪ್ಪಗಾಗುತ್ತದೆ. ತಾಯೆಕೊ ಮಾತ್ರ ಹಟದಿಂದ ಜಗಿಯುತ್ತಲೇ ಇರುತ್ತಾಳೆ. ಅಂಗಳದ ಬದಿಯಲ್ಲೇ ಅನಾನಸು ಬೆಳೆಯುವ ನಮ್ಮ ಊರಿನ ಮಕ್ಕಳಿಗೂ ಆ ಹಟ ಅರ್ಥವಾಗದಿರದು. ಅದೇ ಚಿತ್ರದಲ್ಲಿ ಹುಡುಗಿಯರಿಗೆ ಮುಟ್ಟಿನ ಪಾಠ ಆಗುತ್ತದೆ, ಸುದ್ದಿ ಹುಡುಗರಿಗೆ ಮುಟ್ಟಿ ಗೇಲಿ ಶುರುವಾಗುತ್ತದೆ, ನೆಗಡಿಯಾದ ತಾಯೆಕೊ ಆಟದ ಪಿರಿಯಡ್‌ನಲ್ಲಿ ಬದಿಗೆ ಕೂರಲೂ ಅಂಜುತ್ತಾಳೆ. ದಿನಚರಿ ಎಂದರೆ ಇದೂ ಸೇರಿದ್ದು.

‘ಕೆ-ಆನ್!’ ನನಗೆ ಪೂರ್ತಿ ಗೊಂಬೆಯಾಗಿ ಕಾಣದಿರುವುದಕ್ಕೆ ಕಾರಣ ನಿರ್ದೇಶಕಿ ನವೊಕೊ ಯಮಾದಾ, ಬರಹಗಾರ್ತಿ ರೇಯ್ಕೊ ಯೊಶಿದಾ. ಯಮಾದಾ ಕ್ಯಾಮೆರಾವನ್ನು ಮುಖದಿಂದ ತೆಗೆದು ಕಾಲಿಗೆ ಇಳಿಸುತ್ತಾರೆ. ಬಾಯಿ ನಗುತ್ತಿರುವಾಗ ಮೇಜಿನ ಕೆಳಗೆ ಎರಡು ಪಾದ ಒಂದಕ್ಕೊಂದು ಉಜ್ಜಿಕೊಳ್ಳುತ್ತಿರುತ್ತವೆ. ಹುಡುಗಿಯ ಅಳುಕು ಅಲ್ಲಿದೆ. ‘ಕೆ-ಆನ್!’, ‘ನಿಚಿಜೋ’ ಎರಡೂ ಮೂಡಿದ ಕ್ಯೋಟೊ ಆ್ಯನಿಮೇಷನ್ ಸಂಸ್ಥೆಯನ್ನು 1981ರಲ್ಲಿ ಆರಂಭಿಸಿದವರು ಯೋಕೊ ಹತ್ತಾ. ಮೊದಲು ಜೊತೆಗಿದ್ದವರು ನೆರೆಕರೆಯ ಗೃಹಿಣಿಯರು. 2019ರ ಜುಲೈ 18ರಂದು ದುಷ್ಕರ್ಮಿಯೊಬ್ಬ ಅಲ್ಲಿನ ಸ್ಟುಡಿಯೊಗೆ ಬೆಂಕಿ ಇಟ್ಟ. 36 ಮಂದಿ ಸತ್ತರು. ಸಾಮಾನ್ಯ ದಿನವೊಂದನ್ನು ಅಷ್ಟು ಪ್ರೀತಿಯಿಂದ ಬರೆದ ಕೈಗಳಿಗೆ ಹಾಗಾದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನಮ್ಮ ಕಡೆಗೆ. ಕಾಸರಗೋಡಿನ ಹುಡುಗಿ ಕನ್ನಡ ಓದುಗರ ಎದುರು ಗಟ್ಟಿಯಾಗಿ ಬಂದು ನಿಂತದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಆಗಿ. ಎಳೆ ಪ್ರಾಯದಲ್ಲಿ ಮದುವೆ, ಅಪ್ಪನ ಹಟಕ್ಕೆ ತಲಾಖ್, ಕೊನೆಗೆ ಮಸೀದಿಯ ಕೆರೆ. ಆ ಕಾದಂಬರಿ ಬರಲೇಬೇಕಿತ್ತು, ಅದರ ಸಿಟ್ಟು ನ್ಯಾಯದ ಸಿಟ್ಟು. ಕುಂದಾಪುರ ಕಡೆಯ ವೈದೇಹಿಯವರ ಅಮ್ಮಚ್ಚಿಗೆ ಗೆಳತಿ ಸೀತೆಯ ಜೊತೆ ನಗಲು ಸ್ವಲ್ಪ ಹೆಚ್ಚು ಜಾಗ ಸಿಕ್ಕಿತು. ಚಂಪಾ ಶೆಟ್ಟಿ 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಎಂದು ಅದನ್ನು ತೆರೆಗೆ ತಂದರು. ಅಲ್ಲೂ ಆ ನಗುವಿನ ಬೆನ್ನ ಹಿಂದೆ ಬೇಡದ ಮದುವೆ ಕಾದು ನಿಂತಿರುತ್ತದೆ. ನಮ್ಮ ಲೇಖಕಿಯರು ಜಪಾನಿನ ಚಿತ್ರಕಾರರು ಮರೆಸಿದ್ದನ್ನೆಲ್ಲ ಹೇಳಿದರು: ಮೈ, ಹಣ, ಅಪ್ಪ, ಮತ, ಜಾತಿ. ಹೇಳಲು ಉಳಿದದ್ದು ಹುಡುಗಿಯ ಪೋಲಿ ಹೊತ್ತು.

ಅದೇ 2018ರ ಆಗಸ್ಟಿನಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು ನಮ್ಮ ಜಿಲ್ಲೆಯ ಜನ ತಮ್ಮದೇ ಎಂದು ಅಪ್ಪಿಕೊಂಡರು. ಕನ್ನಡ ಮಾಧ್ಯಮದ ಮಕ್ಕಳಿಗೆ ಮಲಯಾಳಂ ಮೇಷ್ಟ್ರು ಗಣಿತ ಕಲಿಸಲು ಬಂದರೆ ಏನಾಗುತ್ತದೆ ಎಂಬುದು ಇಲ್ಲಿ ಕಲ್ಪನೆಯ ಮಾತಲ್ಲ, ನಾವು ಬೀದಿಗಿಳಿದು ಹೇಳಿದ್ದೇ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಮೊದಲ ಅರ್ಧದಲ್ಲಿ ಶಾಲೆಯ ಪುಂಡಾಟಗಳು ಬಹಳ ಚೆನ್ನಾಗಿವೆ. ಆದರೆ ಪುಂಡಾಟ ಬಹುಪಾಲು ಹುಡುಗರದ್ದು. ಶಾಲೆಯ ಹುಡುಗಿ ಪಲ್ಲವಿ ಹೆಚ್ಚಾಗಿ ಕಾಣುವುದು ಅವಳಿಗೆ ಮನಸೋತ ಪ್ರವೀಣನ ಕಣ್ಣಿನಿಂದ, ಅವನ ಎದೆಬಡಿತದ ಹಾಡಿನಲ್ಲಿ. ಅವಳು ಗೆಳತಿಯ ಹತ್ತಿರ ಅವನ ಬಗ್ಗೆ ಏನೆಂದಳು? ಚಿತ್ರ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಎರಡನೇ ಅರ್ಧದಲ್ಲಿ ಶಾಲೆ ಉಳಿಸುವ ಕೋರ್ಟು ಕೇಸು ಬಂದು ದಿನಚರಿಯನ್ನೇ ನುಂಗಿಬಿಡುತ್ತದೆ.

ಇದರ ಪಕ್ಕದಲ್ಲಿ 2013ರ ಅನಿಮೆ ‘ನೊನ್ ನೊನ್ ಬಿಯೊರಿ’ಯನ್ನು ಇಟ್ಟು ನೋಡಬೇಕು. ಅಲ್ಲಿಯೂ ಮಕ್ಕಳು ಕಡಿಮೆಯಾದ ಹಳ್ಳಿಶಾಲೆ: ಒಂದನೇ ಕ್ಲಾಸಿನಿಂದ ಒಂಬತ್ತರವರೆಗೆ ಸೇರಿ ಐದೇ ಮಂದಿ, ಒಂದೇ ಕೋಣೆ, ಪಾಠದ ಹೊತ್ತಿಗೆ ತೂಕಡಿಸುವ ಟೀಚರು. ಇರುವ ಒಬ್ಬನೇ ಹುಡುಗ ಬಾಯಿ ಬಿಡುವುದಿಲ್ಲ. ಶಾಲೆ ಉಳಿಸಿ ಎಂಬ ಘೋಷಣೆ ಎಲ್ಲೂ ಇಲ್ಲ. ನಾಲ್ಕನೇ ಕಂತಿನಲ್ಲಿ ಪುಟ್ಟ ರೆಂಗೆಗೆ ತನ್ನದೇ ಪ್ರಾಯದ ಗೆಳತಿ ಸಿಗುತ್ತಾಳೆ, ಬೇಸಿಗೆಗೆ ಅಜ್ಜಿಮನೆಗೆ ಬಂದವಳು. ಒಂದು ಬೆಳಿಗ್ಗೆ ಹೋಗಿ ಕೇಳಿದರೆ ಅವಳು ಊರಿಗೆ ಹೊರಟುಹೋಗಿದ್ದಾಳೆ. ಕ್ಯಾಮೆರಾ ರೆಂಗೆಯ ಮುಖದ ಮೇಲೆ ನಿಲ್ಲುತ್ತದೆ, ಸರಿಯುವುದೇ ಇಲ್ಲ. ಮಾತು ಒಳಗೆ ಇಳಿಯುವವರೆಗೆ, ಕಣ್ಣು ತುಂಬುವವರೆಗೆ ನಾವು ಕಾಯುತ್ತೇವೆ. ಮಕ್ಕಳಿಲ್ಲದ ಊರಿನಲ್ಲಿ ಒಂದು ಮಗುವಿಗೆ ಏನು ಕಡಿಮೆಯಾಗುತ್ತದೆ ಎಂದು ಯಾವ ವಾದಮಂಡನೆಯೂ ಇಷ್ಟು ಚೆನ್ನಾಗಿ ಹೇಳಲಾರದು. ನಮ್ಮ ಚಿತ್ರದ ವಾದ ಸರಿಯಿದೆ. ಈ ಮುಖ ಅದರಲ್ಲಿಲ್ಲ.

ಸೋಲು ಒಬ್ಬ ನಿರ್ದೇಶಕರದ್ದು ಎನ್ನಲಾರೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡು ಎಂದರೆ ಒಂದು ಪ್ರಶ್ನೆ. ಆಮೇಲೆ ಎಂಡೋಸಲ್ಫಾನ್ ಎಂಬ ಇನ್ನೊಂದು ಗಾಯ. ಹೊರಗಿನಿಂದ ಬರುವ ಕ್ಯಾಮೆರಾ ಇಲ್ಲಿ ನೋವನ್ನು ಹುಡುಕುತ್ತದೆ, ನಾವೂ ನೋವನ್ನೇ ತೋರಿಸಿ ಅಭ್ಯಾಸ ಮಾಡಿಕೊಂಡಿದ್ದೇವೆ. ಹೀಗಾಗಿ ಬದಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ಪ್ಲಸ್ ಟು ಹುಡುಗಿಯರು ಮನೆಯ ಹವ್ಯಕ ಕನ್ನಡದಿಂದ ತುಳುವಿಗೆ, ತುಳುವಿನಿಂದ ಬ್ಯಾರಿಗೆ, ಕಂಡಕ್ಟರನ ಜೊತೆ ಜಗಳಕ್ಕೆ ಮಲಯಾಳಕ್ಕೆ ದಾಟಿ, “ಎಂತ ಮಾರಾಯ್ತಿ, ಇವತ್ತೂ ಕನ್ಸೆಷನ್ ಕಾರ್ಡು ಮರೆತ್ಯಾ?” ಎಂದು ಮತ್ತೆ ಕನ್ನಡಕ್ಕೆ ಬರುವ ಆ ಸಂಜೆಗಳು ಯಾರ ಪುಸ್ತಕಕ್ಕೂ ಬೀಳಲಿಲ್ಲ. ‘ಅಜುಮಾಂಗಾ’ದಲ್ಲಿ ಒಸಾಕಾದಿಂದ ಬಂದ ಹುಡುಗಿಯನ್ನು ಎಲ್ಲರೂ ‘ಒಸಾಕಾ’ ಎಂದೇ ಕರೆಯುತ್ತಾರೆ, ಒಸಾಕಾದವರ ಹಾಗೆ ಚುರುಕಾಗಿರಲಿ ಎಂದು ಬಯಸುತ್ತಾರೆ, ಅವಳೋ ಹಗಲುಗನಸಿನವಳು. ಬೆಂಗಳೂರಿನ ಹಾಸ್ಟೆಲಿನಲ್ಲಿ ‘ಮಲಯಾಳಿ’ ಎನಿಸಿಕೊಂಡ ಪೆರ್ಲದ ಕನ್ನಡ ಹುಡುಗಿಗೆ ಈ ಪಾತ್ರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಇಲ್ಲಿಯೇ ಹುಟ್ಟಬಹುದಾದ ಕಥೆಗೆ ಕ್ಲಬ್ಬು ಹುಡುಕಬೇಕಿಲ್ಲ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ ರಾಜ್ಯಮಟ್ಟದ ಕಲೋತ್ಸವ ಕಾಞಂಗಾಡಿಗೇ ಬಂದಿತ್ತು. ಇಲ್ಲಿನ ಹುಡುಗಿಯರು ಗೆಜ್ಜೆ ಕಟ್ಟಿ ರಾಕ್ಷಸರಾಗುತ್ತಾರೆ, ದೇವೇಂದ್ರರಾಗುತ್ತಾರೆ. ನಾವು ಬರೆಯುವುದು ವೇದಿಕೆಯ ಮೇಲಿನದ್ದನ್ನು, ಎ ಗ್ರೇಡು ಸಿಕ್ಕಿದ್ದನ್ನು. ನನಗೆ ಬೇಕಾದ ಕಥೆ ಚೌಕಿಯಲ್ಲಿದೆ: ಬಣ್ಣ ಹಚ್ಚಿಯಾದ ಮೇಲೆ ಸರದಿ ಬರುವವರೆಗಿನ ಆ ಉದ್ದನೆಯ ಕಾಯುವಿಕೆಯಲ್ಲಿ. ಬಣ್ಣ ಕೆಡದ ಹಾಗೆ ಬಿಸ್ಕತ್ತು ತಿನ್ನುವುದು ಹೇಗೆ, ಕಟ್ಟಿದ ವೇಷದಲ್ಲಿ ಶೌಚಕ್ಕೆ ಹೋಗುವುದು ಹೇಗೆ, ಮುಟ್ಟಾದವಳು ಅದನ್ನು ಯಾರಿಗೆ ಹೇಳಬೇಕು, ಮಹಿಷಾಸುರನಿಗೆ ನಾಳೆಯ ಕೆಮಿಸ್ಟ್ರಿ ಪರೀಕ್ಷೆಯ ಹೆದರಿಕೆ ಎಷ್ಟು. ಇದಿಷ್ಟಕ್ಕೂ ‘ನಿಚಿಜೋ’ ಆ ಸಾಸೇಜ್ ತುಂಡಿಗೆ ಕೊಟ್ಟಷ್ಟೇ ಗಮನ ಸಲ್ಲಬೇಕು.

ಇದನ್ನು ಬರೆಯಬೇಕಾದವರು ಆ ಹುಡುಗಿಯರೇ. ಹಸೆಗಾವಾ, ಸಕುರಾ ಇಬ್ಬರೂ ತಾವು ಕಂಡ ಮನೆಯನ್ನು ತಾವೇ ಬರೆದರು. ಶಾಲೆಯ ಕೈಬರಹ ಪತ್ರಿಕೆಗೆಂದು ನಾವು ಅವರಿಂದ ಪ್ರತಿವರ್ಷ ‘ಗಡಿನಾಡಿನಲ್ಲಿ ಕನ್ನಡ’ ಎಂಬ ಪ್ರಬಂಧ ಬರೆಸುತ್ತೇವೆ. ಅದರ ಬದಲು ನಾಲ್ಕು ಚೌಕ ಎಳೆದ ಹಾಳೆ ಕೊಟ್ಟು, ನಿನ್ನೆ ಬಸ್ಸಿನಲ್ಲಿ ಏನಾಯಿತು, ಯಾರು ನಕ್ಕರು, ಯಾಕೆ ಎಂದು ಕನ್ನಡ ಟೀಚರುಗಳು ಕೇಳಲಿ. ಉತ್ತರ ನಾಲ್ಕು ಭಾಷೆಗಳಲ್ಲಿ ಬಂದರೆ ಕೆಂಪು ಶಾಯಿ ಹಿಡಿಯದಿರಲಿ.