ಹ್ಯೂಯೆನ್‌ತ್ಸಾಂಗನ ಮರುಪಯಣ

ಚೀನದೇಶದ ಯಾತ್ರಿಕನಾದ ಹ್ಯೂಯೆನ್‌ತ್ಸಾಂಗನ ಹೆಸರನ್ನರಿಯದ ವಿದ್ಯಾವಂತರು ವಿರಳ. ಇಮ್ಮಡಿ ಪುಲಿಕೇಶಿಯ ಯೋಧರ ಶೌರ್ಯವನ್ನು ಆತನು ಕೊಂಡಾಡಿದನೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತಾಗಿ ಶಾಲೆಯ ಪಾಠಗಳಲ್ಲಿ ನೆಲೆಗೊಂಡಿರುವುದು. ಆದರೆ ಆತನು ಮೊದಲು ವಿದ್ಯಾರ್ಥಿ, ಅನಂತರ ಯಾತ್ರಿಕ. ನಾಲಂದೆಯಲ್ಲಿ ಶೀಲಭದ್ರಾಚಾರ್ಯರ ಬಳಿಯಲ್ಲಿ ಯೋಗಾಚಾರ ಶಾಸ್ತ್ರವನ್ನು ಅಭ್ಯಸಿಸಿದವನು. ಕಲಿತುದನ್ನು ಹೊತ್ತು, ಪರರಾಜ್ಯದ ಪರ್ವತಗಳನ್ನು ದಾಟಿ ಊರು ಸೇರಿದ ಕಡೆಯ ದಿನಗಳ ವೃತ್ತಾಂತವು ಆ ಪಾಠಗಳಲ್ಲಿ ಕಾಣುವುದಿಲ್ಲ.

ಈ ವೃತ್ತಾಂತಕ್ಕೆ ಎರಡು ಗ್ರಂಥಗಳು ಆಧಾರ. ಒಂದು, ಚಕ್ರವರ್ತಿಯ ಅಪ್ಪಣೆಯಂತೆ 646ರಲ್ಲಿ ಮುಗಿದ ದೇಶವರ್ಣನೆ. ಇನ್ನೊಂದು, ಶಿಷ್ಯನಾದ ಹ್ವೇಲಿಯು ಆರಂಭಿಸಿ 688ರಲ್ಲಿ ಇನ್ನೊಬ್ಬನು ಪೂರೈಸಿದ ಜೀವನಚರಿತ್ರೆ. ಮೊದಲನೆಯದರಲ್ಲಿ ದಾರಿಯ ಅಳತೆ, ಬೆಳೆ, ಜನರ ನಡೆನುಡಿ, ವಿಹಾರಗಳ ಸಂಖ್ಯೆ ಇವೇ ತುಂಬಿವೆ. ಪಾಮೀರದ ಹಿಮವೂ ಅಲ್ಲಿಯ ಮಹಾಸರೋವರವೂ ವರ್ಣಿತವಾಗಿವೆ. ಹಿಮದಲ್ಲಿ ನಡೆದ ಮನುಷ್ಯನು ಮಾತ್ರ ಮರೆಯಾಗಿರುವನು. ಅರಸನಿಗೆ ಬೇಕಾದುದು ನೆರೆರಾಜ್ಯಗಳ ವಿವರ, ಭಿಕ್ಷುವಿನ ಬವಣೆಯಲ್ಲ. ಆದುದರಿಂದ ಈ ಮೌನವನ್ನು ದೋಷವೆನ್ನುವುದಕ್ಕಿಂತ ಔಚಿತ್ಯವೆನ್ನುವುದೇ ಲೇಸು.

ಆ ಮನುಷ್ಯನು ಕಾಣಸಿಗುವುದು ಎರಡನೆಯ ಗ್ರಂಥದಲ್ಲಿ. ಸಿಂಧೂನದಿಯನ್ನು ಆತನು ಆನೆಯ ಮೇಲೆ ದಾಟಿದನು, ಗ್ರಂಥಗಳು ದೋಣಿಯಲ್ಲಿದ್ದುವು. ನಡುಹೊಳೆಯಲ್ಲಿ ಅಲೆಯೆದ್ದು ದೋಣಿ ತೊನೆದು, ಸುಮಾರು 50 ಕಟ್ಟು ಗ್ರಂಥಗಳೂ ಹೂಗಿಡಗಳ ಬೀಜಗಳೂ ನೀರುಪಾಲಾದುವು. ಮುಂದೆ ಹಿಂದೂಕುಶವನ್ನು ಸಣ್ಣ ತಂಡದೊಂದಿಗೆ ಕೋಲೂರಿ ನಡೆದು ದಾಟಬೇಕಾಯಿತು. ಪಾಮೀರದ ಇಳಿಜಾರಿನಲ್ಲಿ ಕಳ್ಳರು ಎರಗಿದಾಗ ಆನೆಯು ಬೆದರಿ ಓಡಿ ನೀರಿಗೆ ಬಿದ್ದು ಸತ್ತಿತು.

ಹ್ವೇಲಿಯು ಗುರುಭಕ್ತಿಯಿಂದ ಅದ್ಭುತಗಳನ್ನು ಧಾರಾಳವಾಗಿ ಬೆರೆಸಿರುವನು. ದೋಣಿಯ ಪ್ರಸಂಗದಲ್ಲಿಯೂ ಬೀಜ ಒಯ್ದುದರಿಂದಲೇ ಅಲೆಯೆದ್ದಿತೆಂದು ಅಲ್ಲಿಯ ಅರಸನ ಬಾಯಿಂದ ಹೇಳಿಸಿರುವನು. ಆದರೆ ಅದರ ಬೆನ್ನಲ್ಲೇ ಬರುವ ಮಾತು ಸರಳ ಸ್ವಭಾವೋಕ್ತಿ: ಗುರುವು ಅಲ್ಲಿಯೇ ತಂಗಿ, ಕಳೆದುಹೋದ ಗ್ರಂಥಗಳ ಪ್ರತಿ ಮಾಡಿ ತರಲು ಉದ್ಯಾನ ದೇಶಕ್ಕೆ ಜನರನ್ನು ಕಳುಹಿಸಿದನು. ವಿಲಾಪವಿಲ್ಲ, ಉಪದೇಶವಿಲ್ಲ. ಇಡೀ ಪುಸ್ತಕದ ಪವಾಡಗಳೆಲ್ಲವೂ ಈ ಒಂದು ಮಾತಿಗೆ ಸಾಟಿಯಾಗಲಾರವು. ಕರುಣಕ್ಕೆ ಎಡೆಯಿದ್ದಲ್ಲಿ ಧರ್ಮವೀರವು ಸಹಜವಾಗಿ ತಲೆಯೆತ್ತಿರುವುದು.

ಇನ್ನೊಂದು ಸನ್ನಿವೇಶ ಖೋತಾನಿನದು. ನಿಷೇಧವನ್ನು ಮೀರಿ ದೇಶ ಬಿಟ್ಟಿದ್ದ ಆತನು ಅಲ್ಲಿಂದ ಚಕ್ರವರ್ತಿಗೆ ಬರೆದ ವಿಜ್ಞಾಪನೆಯಲ್ಲಿ ಆ ಅಪರಾಧವನ್ನು ಒಪ್ಪಿಕೊಂಡು, ಆನೆ ಮುಳುಗಿದ್ದರಿಂದ ಗ್ರಂಥಗಳನ್ನು ಹೊರಲು ವಾಹನವಿಲ್ಲವೆಂದು ತಿಳಿಸಿದನು. ತಲೆಗೆ ಬರಬಹುದಾದ ದಂಡಕ್ಕೂ ಗ್ರಂಥದ ಹೊರೆಗೂ ಒಂದೇ ಓಲೆಯಲ್ಲಿ ಸ್ಥಾನವಿತ್ತಿರುವುದು ಆತನ ಶೀಲವನ್ನು ಸಾರುವುದು. 645ರಲ್ಲಿ 657 ಗ್ರಂಥಗಳು 20 ಕುದುರೆಗಳ ಮೇಲೆ ರಾಜಧಾನಿಯನ್ನು ಸೇರಿದುವು. 664ರಲ್ಲಿ ತೀರಿಕೊಳ್ಳುವುದರೊಳಗೆ ಆತನು 75 ಗ್ರಂಥಗಳನ್ನು ಅನುವಾದಿಸಿದನು. ಅವುಗಳಲ್ಲಿ ಕೆಲವಕ್ಕೆ ಸಂಸ್ಕೃತ ಮೂಲವು ಇಂದು ಪೂರ್ಣವಾಗಿ ದೊರೆಯದು.

ಪ್ರತಿ ಮಾಡುವವನ ಬೆಲೆಯನ್ನು ಈ ಸೀಮೆಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಪ್ರಾಕೃತದ ಧವಲಾದಿ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುದು ಮೂಡುಬಿದಿರೆಯ ಬಸದಿಯಲ್ಲಿ. ಅವುಗಳ ಪ್ರತಿ ಹೊರಬಂದ ಮೇಲೆಯೇ 1939ರಿಂದ ಮುದ್ರಣವು ಸಾಧ್ಯವಾಯಿತು. ಕನ್ಯಾನದ ಮನೆಯೊಂದರ ಅಟ್ಟದಲ್ಲಿ ಓಲೆಯ ಕಟ್ಟೇನಾದರೂ ಗೆದ್ದಲಿಗೆ ಆಹಾರವಾಗುತ್ತಿದ್ದರೆ, ಅದೂ ನಡುಹೊಳೆಯ ದೋಣಿಯೇ ಸರಿ. ಪುಲಿಕೇಶಿಯ ಪ್ರಶಂಸೆಯನ್ನು ಮಕ್ಕಳಿಗೆ ಓದಿಸುವವರು ಸಿಂಧುವಿನ ದಡದಲ್ಲಿ ನಿಂತು ಪ್ರತಿಗಾಗಿ ಕಾದವನ ಕಥೆಯನ್ನೂ ಓದಿಸುವುದು ಯುಕ್ತ.