ಸೆನ್ಸರ್ ಬದಲಿಸುವ ಮುನ್ನ ಅರ್ತ್ ನೋಡಿ

ಮಳೆಗಾಲ ಕಳೆದ ಮೇಲೆ ಹಳೆಯ ಜಿಪ್ಸಿಗಳ ತಕರಾರು ಶುರುವಾಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಥಟ್ಟನೆ ಸ್ಟಾರ್ಟ್ ಆಗುವ ಗಾಡಿ, ಬಿಸಿಯಾದ ಮೇಲೆ ಪೆಟ್ರೋಲ್ ವಾಸನೆ ಕಾರುತ್ತದೆ, ಐಡ್ಲಿಂಗಿನಲ್ಲಿ ತಡವರಿಸುತ್ತದೆ. ಇಂಡಿಕೇಟರ್ ಹಾಕಿದರೆ ಟೆಂಪರೇಚರ್ ಮುಳ್ಳು ಕುಣಿಯುತ್ತದೆ. ಗ್ಯಾರೇಜಿನಲ್ಲಿ ತೀರ್ಪು ಸಿದ್ಧ: ‘ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕೋಣ.’ ಒಪ್ಪಬೇಡಿ.

1985ರಲ್ಲಿ ಬಂದ ಜಿಪ್ಸಿಗೆ 2000ದಲ್ಲಿ ಎಂಪಿಎಫ್ಐ ಎಂಜಿನ್ ಸಿಕ್ಕಿತು. ಕಾರ್ಬ್ಯುರೇಟರ್ ಹೋಗಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಬಂದರೂ ಗಾಡಿಯ ಕಟ್ಟು ಹಳೆಯದೇ. ಚಾಸಿಯ ಮೇಲೆ ಬಾಡಿ ಕೂತಿರುವುದು ರಬ್ಬರಿನಲ್ಲಿ, ಎಂಜಿನ್ ಕೂತಿರುವುದೂ ರಬ್ಬರಿನಲ್ಲಿ. ರಬ್ಬರಿನಲ್ಲಿ ಕರೆಂಟ್ ಹರಿಯದು. ಬ್ಯಾಟರಿಯ ಪ್ಲಸ್ಸಿನಿಂದ ಹೊರಟದ್ದು ಮೈನಸ್ಸಿಗೆ ಮರಳಲು ಕೆಲವೇ ಅರ್ತ್ ವೈರುಗಳಿವೆ. ಹಳ್ಳ ದಾಟುವ, ಕೆಸರು ಮೆತ್ತಿಕೊಳ್ಳುವ ಗಾಡಿಯಲ್ಲಿ ಕಿಲುಬು ಹಿಡಿಯುವುದು ಇವುಗಳ ತುದಿಗೇ.

ಇದನ್ನು ಮಲ್ಟಿಮೀಟರಿನ ಓಮ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸೆಲ್ಫ್ ಮೋಟಾರ್ 100 ಆಂಪಿಯರ್ ಎಳೆಯುವಾಗ ಬರೀ 0.01 ಓಮ್ ತಡೆಯೂ 1 ವೋಲ್ಟ್ ನುಂಗುತ್ತದೆ. ಅಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿನ ಕಣ್ಣಿಗೆ ಬೀಳದು. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಡಿಸಿ ವೋಲ್ಟ್ಸ್‌ಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.3 ವೋಲ್ಟಿನೊಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ವೈರ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಬಾಡಿಯನ್ನೂ ಹೆಡ್‌ಲೈಟ್, ವೈಪರ್ ಹಾಕಿಕೊಂಡು ಹೀಗೇ ಪರೀಕ್ಷಿಸಿ. ಅರ್ತ್ ಪೂರಾ ಕೆಟ್ಟರೆ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ಮರಳುತ್ತದೆ. ಆ ಕೇಬಲ್ ಬಿಸಿಯಾಗುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಎರಡನೆಯದು ಸೆನ್ಸರಿನ ಕಪ್ಲರ್. ಕೂಲೆಂಟ್ ಸೆನ್ಸರಿನ ತಡೆ ಬಿಸಿ ಏರಿದಂತೆ ಇಳಿಯುತ್ತದೆ: 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300. ಪಿನ್ನಿನ ಕಿಲುಬು ಇದಕ್ಕೆ 300 ಓಮ್ ಸೇರಿಸಿತು ಎನ್ನಿ. ತಣ್ಣಗಿನ ಎಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ಬಿಸಿ ಎಂಜಿನ್ನಿನಲ್ಲಿ ಮಾತ್ರ ತಡೆ ಇಮ್ಮಡಿಯಾಗಿ, 80 ಡಿಗ್ರಿಯನ್ನು ಇಸಿಯು 60ರ ಆಸುಪಾಸು ಎಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಗಾಡಿ ಮಧ್ಯಾಹ್ನ ಕೆಡುವುದು ಹೀಗೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಪಿನ್ ಸಡಿಲವಾಗಿದೆಯೇ ನೋಡಿ. ಆಮೇಲಷ್ಟೇ ಸೆನ್ಸರನ್ನು ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿ, ಓಮ್ ಅಳೆಯಿರಿ.

ಅರ್ತ್, ಕಪ್ಲರ್, ಸೆನ್ಸರ್: ನಾನು ಈ ಕ್ರಮಕ್ಕೆ ಪಟ್ಟು ಹಿಡಿಯುವುದು ದುಡ್ಡು ಉಳಿಸಲಷ್ಟೇ ಅಲ್ಲ. ಅಳೆಯದೆ ಬದಲಿಸಿದಾಗ ಸರಿಯಿದ್ದ ಒರಿಜಿನಲ್ ಸೆನ್ಸರ್ ಗುಜರಿಗೆ ಹೋಗಿ, ಅದರ ಜಾಗಕ್ಕೆ ಡೂಪ್ಲಿಕೇಟ್ ಬರುತ್ತದೆ. ಹಳೆಯ ದೋಷ ಅಲ್ಲೇ ಇರುತ್ತದೆ, ಜೊತೆಗೆ ಹೊಸದೊಂದು ಸೇರುತ್ತದೆ.