ಚೋಮನಿಗೆ ಸಿಗದ ಫಾರಂ ನಂಬರ್ 7

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕಾವ್ಯ, ಕಥೆ, ಆತ್ಮಕಥೆಗಳ ಸುತ್ತಲೇ ಸುತ್ತುತ್ತೇವೆ. ನಮ್ಮ ಕೇರಿಗಳಲ್ಲಿ ಒಂದು ಕವನ ಸಂಕಲನವೂ ಕಾಲಿಡದ ಮನೆಗಳಿವೆ. ಆದರೆ ಸಿನಿಮಾ ಹೋಗದ ಮನೆ ಇಲ್ಲ, ಧಾರಾವಾಹಿ ಹೋಗದ ಮನೆಯಂತೂ ಇಲ್ಲವೇ ಇಲ್ಲ. ಹೀಗಿರುವಾಗ ನಮ್ಮ ಜನ ಏನು ನೋಡುತ್ತಿದ್ದಾರೆ, ಎಲ್ಲಿ ಶಿಳ್ಳೆ ಹೊಡೆಯುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದು ವಿಮರ್ಶೆಯ ವಿಷಯವಾಗಬೇಡವೇ? ನಾನು ಸಿನಿಮಾ ಪಂಡಿತನಲ್ಲ. ಕಡೂರು, ಬೀರೂರು, ತರೀಕೆರೆಗಳ ಟಾಕೀಸುಗಳಲ್ಲಿ, ಜಾತ್ರೆಯ ಟೆಂಟುಗಳಲ್ಲಿ, ಈಗ ಅಂಗೈಯ ಮೊಬೈಲಿನಲ್ಲಿ ಪಿಕ್ಚರ್ ನೋಡುವ ಹುಚ್ಚಿನವನು. ಈಚೆಗೆ ನೋಡಿದ, ಮತ್ತೆ ಹುಡುಕಿ ನೋಡಿದ ಕೆಲವು ಚಿತ್ರಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಎಲ್ಲ ಚಿತ್ರಗಳಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ನಮ್ಮವನಿಗೆ ನೆಲ ಸಿಗುತ್ತದೆಯೇ? ಸಿಕ್ಕರೆ ಯಾರ ಕೈಯಿಂದ ಸಿಗುತ್ತದೆ? ಕಲೆಯ ಪ್ರಶ್ನೆಗಿಂತ ಮೊದಲು ಇದು ಪಹಣಿಯ ಪ್ರಶ್ನೆ.

2023ರ ಡಿಸೆಂಬರ್ ಕೊನೆಯಲ್ಲಿ ತರುಣ್ ಸುಧೀರ್ ನಿರ್ದೇಶನದ 'ಕಾಟೇರ' ಬಂತು. ಎಪ್ಪತ್ತರ ದಶಕದ ಹಳ್ಳಿ, ಗೇಣಿ ಹೆಸರಿನಲ್ಲಿ ರೈತರನ್ನು ಹಿಂಡುವ ಜಮೀನ್ದಾರರು, 'ಉಳುವವನೇ ಭೂಮಿಯ ಒಡೆಯ' ಎಂಬ ಕಾನೂನು, ಅದಕ್ಕಾಗಿ ಎದ್ದು ನಿಲ್ಲುವ ಕುಲುಮೆಯ ಕಾಟೇರ. ಜನಪ್ರಿಯ ಕನ್ನಡ ಸಿನಿಮಾ ಹಳ್ಳಿಯ ಗೌಡನನ್ನು ದೇವರು ಮಾಡಿ ಹಾಡಿಸಿದ್ದನ್ನು ನೋಡಿ ನೋಡಿ ಸಾಕಾಗಿದ್ದ ನನಗೆ, ದೊಡ್ಡ ನಟನೊಬ್ಬ ಭೂಸುಧಾರಣೆಯ ಮಾತಾಡುವುದೇ ಖುಷಿ ಕೊಟ್ಟಿತು. ನಮ್ಮ ಹುಡುಗರು ಬೆಂಚು ಮುರಿಯುವ ಹಾಗೆ ಕುಣಿದರು. ಆ ಖುಷಿಯನ್ನು ನಾನು ಹೀಗಳೆಯುವುದಿಲ್ಲ. ನೆಲದ ಮಾತಿಗೆ ಶಿಳ್ಳೆ ಬಿದ್ದರೆ ಅದು ಸಣ್ಣ ಸಂಗತಿಯಲ್ಲ.

ಆದರೆ ಚಿತ್ರ ಮುಗಿದು ಬಸ್ಸಿನಲ್ಲಿ ಕೂತಾಗ ಲೆಕ್ಕ ಶುರುವಾಗುತ್ತದೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬೇಕು. ತಾನು ಗೇಣಿಗೆ ಮಾಡುತ್ತಿದ್ದೆ ಎಂಬುದಕ್ಕೆ ಪಹಣಿಯಲ್ಲೋ ಗೇಣಿ ಚೀಟಿಯಲ್ಲೋ ಸಾಕ್ಷಿಯಲ್ಲೋ ಆಧಾರ ತೋರಿಸಬೇಕು. ಆಮೇಲೆ ಭೂಮಿ ಅವನದಾಗುತ್ತದೆ. ಎಷ್ಟೋ ಒಕ್ಕಲು ಕುಟುಂಬಗಳು ಹೀಗೆ ಒಡೆಯರಾದವು. ಅದು ಈ ನಾಡಿನ ಬಹು ದೊಡ್ಡ ಕೆಲಸಗಳಲ್ಲಿ ಒಂದು. ಹಾಗಾದರೆ ನಮ್ಮವರು? ನಮ್ಮ ಹಿರೀಕರಿಗೆ ಗೇಣಿಗೆ ಕೊಟ್ಟವರು ಯಾರು? ಜೀತ ಇತ್ತು, ಕೂಲಿ ಇತ್ತು, ತೋಟಿ ತಳವಾರಿಕೆ ಇತ್ತು, ಸುಗ್ಗಿಯಲ್ಲಿ ಕಣದ ಮೂಲೆಯಿಂದ ಮೊರದಲ್ಲಿ ಬೀಳುವ ಆಯ ಇತ್ತು. ಉತ್ತವನು ನಮ್ಮವನೇ. ಆದರೆ ಕಾನೂನಿನ ಕಣ್ಣಿಗೆ ಅವನು 'ಉಳುವವ'ನಲ್ಲ, ಆಳು. ಆಳಿಗೆ ಫಾರಂ ನಂಬರ್ 7 ಇಲ್ಲ. 'ಕಾಟೇರ' ಕಾನೂನಿನ ಗೆಲುವನ್ನು ಸಂಭ್ರಮಿಸುತ್ತದೆ. ಆ ಕಾನೂನಿನ ಬಾಗಿಲ ಹೊರಗೆ ನಿಂತವನ ಕಡೆ ಕ್ಯಾಮೆರಾ ತಿರುಗುವುದಿಲ್ಲ.

ಹೊರಗೆ ನಿಂತವನನ್ನು ಹುಡುಕಿಕೊಂಡು ಹೋದರೆ ಸಿಗುವವನು ಚೋಮ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ 'ಚೋಮನ ದುಡಿ' 1975ರದು. ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಚೋಮ ಕೇಳಿದ್ದೇನು? ಸಂಕಪ್ಪಯ್ಯನ ಭೂಮಿಯನ್ನು ಪುಕ್ಕಟೆ ಕೊಡು ಎಂದಲ್ಲ. ಗೇಣಿಗೆ ಕೊಡಿ ಎಂದು. ಒಕ್ಕಲಾಗುವ ಆಸೆ ಅಷ್ಟೇ. ಹೊಲೆಯನು ಬೇಸಾಯ ಮಾಡುವುದೇ, ಸಂಪ್ರದಾಯ ಬಿಡುವುದೇ ಎಂದು ಆ ಮನೆಯ ತಾಯಿ ತಡೆಯುತ್ತಾಳೆ. ಈಗ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1974ರಲ್ಲಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡುವ ಕಾನೂನು ಜಾರಿಯಾಗುತ್ತದೆ. 1975ರಲ್ಲಿ ಗೇಣಿದಾರನಾಗಲೂ ಬಿಡದ ಒಬ್ಬ ಮನುಷ್ಯ ದುಡಿ ಬಡಿದು ಸಾಯುವ ಚಿತ್ರಕ್ಕೆ ದೇಶ ಪದಕ ಕೊಡುತ್ತದೆ. ಈ ಎರಡನ್ನೂ ಒಟ್ಟಿಗಿಟ್ಟು ಓದಿದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ. ಚೋಮನ ದುರಂತವನ್ನು ಮನುಷ್ಯನ ವಿಧಿ, ಅಸ್ತಿತ್ವದ ಸಂಕಟ ಎಂದೆಲ್ಲ ಎತ್ತರಕ್ಕೆ ಏರಿಸುತ್ತಾ ಹೋದ ಹಾಗೆ ಅವನು ಕೇಳಿದ ತುಂಡು ನೆಲ ಕಣ್ಣಿಂದ ಮರೆಯಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಈ ಚಿತ್ರ ಇನ್ನೊಂದು ಕಡೆಯಿಂದಲೂ ತಟ್ಟುತ್ತದೆ. ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಚಳಿಜ್ವರದಲ್ಲಿ ಸಾಯುತ್ತಾನೆ. ಕತೆಗೆ ಆ ತೋಟ ದೂರದ, ಭಯದ ಜಾಗ. ನಮಗೆ ಅದು ಕೂಲಿಯ ಜಾಗ. ಕಡೂರು ಅಜ್ಜಂಪುರದ ಬರದ ಹಳ್ಳಿಗಳಿಂದ ಮೂಡಿಗೆರೆ, ಬಾಳೆಹೊನ್ನೂರು ಕಡೆಯ ತೋಟಗಳಿಗೆ ಹಣ್ಣು ಕೀಳಲು ಹೋದವರು ನಮ್ಮ ಅವ್ವಂದಿರು. ಚೋಮನ ಬೆಳ್ಳಿ ತೋಟದಲ್ಲಿ ಕಂಡದ್ದು ಅವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ. ಆದರೆ ಅವರು ಕಂಡದ್ದನ್ನು ಅವರ ಬಾಯಲ್ಲೇ ಹೇಳಿಸಿದ ಸಿನಿಮಾ ನಾನು ಇನ್ನೂ ನೋಡಿಲ್ಲ.

ಇನ್ನು ಚೋಮನ ಎತ್ತು. ಅವನಲ್ಲಿ ಎತ್ತಿತ್ತು, ನೆಲ ಇರಲಿಲ್ಲ. ನಮ್ಮ ಅಜ್ಜಂಪುರದ್ದು ತಿರುಗಾಮುರುಗಾ ಕತೆ. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ತಳಿಯ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಆ ದನಗಳಿಗೆಂದು ಕಾವಲು ಬಿಟ್ಟರು, ದಾಖಲೆ ಬರೆದರು, ಹದ್ದು ನಿಲ್ಲಿಸಿದರು. ಇಲ್ಲಿ ಎತ್ತಿಗೆ ನೆಲ ಇದೆ, ಎತ್ತು ಮೇಯಿಸಿದವನಿಗೆ ಇಲ್ಲ. ದನದ ಮೇಲೆ ನನಗೆ ಸಿಟ್ಟಿಲ್ಲ, ಕಾವಲು ಉಳಿಯಲಿ. ಆದರೆ ಎತ್ತಿನ ಹೆಸರಿಗೆ ಕಾಗದ ಬರೆಯಬಲ್ಲ ರಾಜ್ಯ ಬಗರ್ ಹುಕುಂ ಅರ್ಜಿ ಹಿಡಿದವನನ್ನು ತಾಲ್ಲೂಕು ಕಛೇರಿಗೆ ಅಲೆಸುವುದನ್ನು ನೋಡಿದಾಗ ಚೋಮ ಕಾದಂಬರಿಯಲ್ಲೇ ಸತ್ತನೇ ಎಂದು ಕೇಳಬೇಕಾಗುತ್ತದೆ.

ನಮ್ಮ ಜಿಲ್ಲೆಯ ಶೃಂಗೇರಿ ಸೀಮೆಯಲ್ಲೇ ಚಿತ್ರೀಕರಣವಾದ 'ಸಂಸ್ಕಾರ' (1970) ನೋಡಿದಾಗಲೂ ಇಂಥದ್ದೇ ಒಂದು ಮಾತು ಬಾಯಿಗೆ ಬರುತ್ತದೆ. ನಾರಣಪ್ಪನ ಹೆಣ ಸುಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಇಡೀ ಅಗ್ರಹಾರ, ಧರ್ಮಶಾಸ್ತ್ರ, ಒಂದು ಪೂರ್ತಿ ಚಿತ್ರ ಬೇಕಾಯಿತು. ಹೆಣ ಹೂಳಲು ಸ್ಮಶಾನಕ್ಕೆ ಜಾಗ ಕೊಡಿ ಎಂದು ಕೇರಿಯವರು ಕೇಳಿದರೆ ಅದು ಬರೀ ಅರ್ಜಿ. ಯಾವ ಹೆಣ ತತ್ವವಾಗುತ್ತದೆ, ಯಾವುದು ಅರ್ಜಿಯಾಗುತ್ತದೆ ಎಂಬುದನ್ನು ಜಾತಿಯೇ ತೀರ್ಮಾನಿಸುತ್ತದೆ.

ರಿಷಬ್ ಶೆಟ್ಟಿಯವರ 'ಕಾಂತಾರ' (2022) ಕೂಡಾ ನೆಲದ ಚಿತ್ರವೇ. ರಾಜ ದೈವಕ್ಕೆ ಮಾತು ಕೊಟ್ಟು ಕಾಡಂಚಿನ ಜನಕ್ಕೆ ಭೂಮಿ ಬಿಟ್ಟ, ಅವನ ವಂಶದವನು ಅದನ್ನು ಕಿತ್ತುಕೊಳ್ಳಲು ಹೊಂಚುತ್ತಾನೆ, ಕೊನೆಗೆ ದೈವ ಬಂದು ನ್ಯಾಯ ಮಾಡುತ್ತದೆ. ಆ ಕೊನೆಯ ಇಪ್ಪತ್ತು ನಿಮಿಷ ನನ್ನ ಮೈಯೂ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಅಂತರಘಟ್ಟೆ ಅಮ್ಮನ ಜಾತ್ರೆಗೆ ಗಾಡಿ ಹೂಡುವ ಸೀಮೆಯವರು ನಾವು, ಮೈಮೇಲೆ ಬರುವುದು ಏನೆಂದು ನಮಗೆ ಗೊತ್ತು. ಆದರೆ ದೈವ ಕೊಡಿಸಿದ ಭೂಮಿಗೆ ಮುಟೇಷನ್ ಮಾಡುವವರು ಯಾರು? ಇಷ್ಟೆಲ್ಲಾ ನಡೆದ ಮೇಲೂ ಆ ಜನ ಒಂದು ಕಾಗದ ಕೇಳುವುದಿಲ್ಲ. ಕೈ ಕೈ ಹಿಡಿಸಿದರೆ ಎಲ್ಲ ಸರಿಹೋಯಿತು. ಚೋಮನಿಗೂ ದೈವಭಕ್ತಿ ಇತ್ತು. ಜಾತಿ ಬಿಟ್ಟರೆ ಭೂಮಿ ಸಿಗುತ್ತದೆ ಎಂದಾಗ ಅವನನ್ನು ಹಿಂದಕ್ಕೆ ಎಳೆದದ್ದೂ ಆ ಭಕ್ತಿಯೇ. 1975ರಲ್ಲಿ ದೈವ ನೆಲ ತಪ್ಪಿಸಿತು, 2022ರಲ್ಲಿ ದೈವ ನೆಲ ಉಳಿಸಿತು. ಎರಡೂ ಕಡೆ ನಮ್ಮವನು ಕಛೇರಿಯ ಮೆಟ್ಟಿಲು ಹತ್ತಲಿಲ್ಲ.

ಈ ಮಾತನ್ನು ಇಷ್ಟು ನೇರವಾಗಿ ನನಗೆ ಹೇಳಿದವಳು ಡಿಗ್ರಿ ಓದುತ್ತಿರುವ ನನ್ನ ಅಕ್ಕನ ಮಗಳು. 'ಚೋಮನ ದುಡಿ'ಯನ್ನು ಮೊಬೈಲಿನಲ್ಲಿ ನೋಡಿ ಕೆಳಗಿಟ್ಟು ಕೇಳಿದಳು:

"ಮಾವ, ನಿಮ್ ಚೋಮ ಯಾಕೆ ಯಾರ್ ಹತ್ರಾನೂ ಜಗಳ ಆಡಲ್ಲ?"

"ಆ ಕಾಲ ಹಂಗಿತ್ತು ಕಣವ್ವ."

"ಯಾವ್ ಕಾಲ ಮಾವ? ಮಹಾಡ್ ಕೆರೆ ನೀರು ಮುಟ್ಟಿದ್ದು 1927ರಲ್ಲಿ. ಕಾದಂಬರಿ ಬಂದಿದ್ದು 1933ರಲ್ಲಿ. ಚೋಮನ ಮಗ ನೀರಲ್ಲಿ ಮುಳುಗ್ತಾ ಇದ್ರೆ ಮುಟ್ಟಕ್ಕೆ ಹೆದರಿ ಎಲ್ರೂ ನಿಂತ್ಕಂಡ್ ನೋಡ್ತಾರೆ. ಬಾಬಾಸಾಹೇಬ್ರು ಆಗ್ಲೇ ಕೆರೆಗೆ ಇಳ್ದಾಗಿತ್ತಲ್ಲ?"

ಕಾರಂತರು ಕಂಡ ಕರಾವಳಿಯ ಹಳ್ಳಿಗೆ ಮಹಾಡಿನ ಸುದ್ದಿ ಮುಟ್ಟಿತ್ತೋ ಇಲ್ಲವೋ, ಅದು ಬೇರೆ ಚರ್ಚೆ. ಮುಖ್ಯವಾದದ್ದು ಈ ಹುಡುಗಿಯ ನೋಟ. ಕರುಣೆ ಹುಟ್ಟಿಸುವ ಚಿತ್ರ ಅವಳಿಗೆ ಸಾಲದು. ಅವಳಿಗೆ ಹಿಡಿಸಿದ್ದು ವೆಟ್ರಿಮಾರನ್ ಅವರ ತಮಿಳು ಚಿತ್ರ 'ಅಸುರನ್' (2019). ಪೂಮಣಿಯವರ 'ವೆಕ್ಕೈ' ಕಾದಂಬರಿ ಆಧರಿಸಿದ್ದು. ಅಲ್ಲಿ ಪಂಚಮಿ ಭೂಮಿಯ ಪ್ರಶ್ನೆ ಬರುತ್ತದೆ. ಬ್ರಿಟಿಷರ ಕಾಲದಲ್ಲಿ, 1892ರಲ್ಲಿ, ಮದರಾಸು ಪ್ರಾಂತ್ಯದ ದಲಿತರಿಗೆಂದು ಗೊತ್ತು ಮಾಡಿದ, ಬೇರೆಯವರು ಕೊಳ್ಳಬಾರದ ಭೂಮಿ ಅದು. ಹೆಸರು ಹಿಡಿದು, ಕಾನೂನು ಹಿಡಿದು ಸಿನಿಮಾ ಮಾತಾಡುತ್ತದೆ. ರಕ್ತ ಜಾಸ್ತಿಯಾಯಿತು ಎಂದು ನನಗೂ ಅನ್ನಿಸಿತು. ಆದರೆ ಕೊನೆಗೆ ಅಪ್ಪ ಮಗನಿಗೆ ಹೇಳುವುದು ಕತ್ತಿಯ ಮಾತಲ್ಲ. ನೆಲ ಇದ್ದರೆ ಕಿತ್ತುಕೊಳ್ಳುತ್ತಾರೆ, ಓದನ್ನು ಕಿತ್ತುಕೊಳ್ಳಲಾರರು, ಓದು ಎನ್ನುತ್ತಾನೆ.

ನಮ್ಮಲ್ಲೂ ಅಂಥ ಭೂಮಿ ಇದೆ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಸಾಲಕ್ಕೋ ಸಾರಾಯಿಗೋ ಕೈಬಿಟ್ಟು ಹೋಗುವುದನ್ನು ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಅರ್ಜಿ ತಡವಾಯಿತು ಎಂಬ ಕಾರಣಕ್ಕೆ ಕೋರ್ಟುಗಳಲ್ಲಿ ಕೇಸು ಬೀಳತೊಡಗಿದಾಗ ಹೋರಾಟ ನಡೆದು, 2023ರಲ್ಲಿ ಕಾಲಮಿತಿ ಅಡ್ಡ ಬಾರದಂತೆ ತಿದ್ದುಪಡಿಯಾಯಿತು. ಅದೇ ವರ್ಷದ ಕೊನೆಗೆ 'ಕಾಟೇರ' ಬಂದದ್ದು. ಒಂದು ಕಾಯ್ದೆಗೆ ಪಿಕ್ಚರ್ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಆ ಇನ್ನೊಂದರಲ್ಲಿ ಎಂಥೆಂಥ ಕತೆಗಳಿವೆ! ಹೆಬ್ಬೆಟ್ಟು ಒತ್ತಿಸಿಕೊಂಡವರು, ಮೊಮ್ಮಗ ಕಡತ ತೆಗೆಸಿದಾಗ ಹೊರಬಿದ್ದ ಅಜ್ಜನ ಹೆಸರು, ಎ.ಸಿ. ಕೋರ್ಟಿನ ಹೊರಗೆ ಬುತ್ತಿ ಬಿಚ್ಚುವ ಹೆಂಗಸರು.

ಇನ್ನು ಧಾರಾವಾಹಿಗೆ ಬರೋಣ. 2020ರಲ್ಲಿ, ಕೊರೋನಾ ಕಾಲದಲ್ಲಿ, ಹಿಂದಿಯಿಂದ ಕನ್ನಡಕ್ಕೆ ಡಬ್ಬಾದ 'ಮಹಾನಾಯಕ' ಜೀ ಕನ್ನಡದಲ್ಲಿ ಶುರುವಾಯಿತು. ಬಾಲಕ ಭೀಮರಾವ್‌ನ ಕತೆ. ನಿಲ್ಲಿಸಿ ಎಂದು ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದ ಮೇಲೆ ರಾಜ್ಯದ ಊರೂರಲ್ಲಿ ಅಭಿಮಾನದ ಫ್ಲೆಕ್ಸ್‌ಗಳು ಎದ್ದವು. ಒಂದು ಧಾರಾವಾಹಿಗೆ ಜನ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟುವುದು ಎಲ್ಲಾದರೂ ಉಂಟೇ? ಕಲೆಯ ದೃಷ್ಟಿಯಿಂದ ಅದರಲ್ಲಿ ಹುಳುಕು ಎಣಿಸಬಹುದು. ಸಂಗೀತ ಜಾಸ್ತಿ, ಕೇಡಿಗರು ಕಣ್ಣು ತಿರುಗಿಸುವುದು ಜಾಸ್ತಿ. ಆದರೂ ಜನ ಯಾಕೆ ಮುಗಿಬಿದ್ದರು? ಅಲ್ಲಿ ನಮ್ಮ ಹುಡುಗ ಸಾಯುವುದಿಲ್ಲ. ಪ್ರಶ್ನೆ ಕೇಳುತ್ತಾನೆ, ಓದುತ್ತಾನೆ, ಬೆಳೆಯುತ್ತಾನೆ. ಸ್ವರ್ಣಕಮಲದ ಚೋಮ ಕೊಡದ್ದನ್ನು ಈ ಡಬ್ಬಿಂಗ್ ಹುಡುಗ ಕೊಟ್ಟ. ಇದು ಅಭಿರುಚಿಯ ಕೊರತೆ ಎನ್ನುವವರು ಹಸಿವು ಏನೆಂದು ತಿಳಿಯದವರು.

ಇಷ್ಟಾದರೂ ಈ ಎಲ್ಲಾ ಚಿತ್ರಗಳ ಮೇಲೆ ನನ್ನದೊಂದು ತಕರಾರಿದೆ. ಇವುಗಳಲ್ಲಿ ಕೇಡಿಗ ಯಾವಾಗಲೂ ದೊಡ್ಡ ಮೀಸೆಯ ಜಮೀನ್ದಾರ. 2024ರ ಜನವರಿಯಲ್ಲಿ ನಮ್ಮ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯೊಳಗೆ ಜೆಸಿಬಿ ಕೆಲಸಕ್ಕೆ ಹೋದ ದಲಿತ ಯುವಕನ ಮೇಲೆ ಹಲ್ಲೆಯಾಯಿತು. ಆಮೇಲೆ ಸಂಘಟನೆಗಳವರು ಅಧಿಕಾರಿಗಳು, ಪೊಲೀಸರ ಜೊತೆಯಲ್ಲಿ ಹಟ್ಟಿಯೊಳಗೆ ಹೋಗಿ ಬಂದರು. ಗೊಲ್ಲರು ಜಮೀನ್ದಾರರಲ್ಲ. ಅವರೂ ಹಿಂದುಳಿದವರು, ಬಡವರು, ಸರ್ಕಾರ ಮರೆತ ಜನ. ನಮ್ಮನ್ನು ತಡೆದ ಬೇಲಿಯನ್ನು ಅಲ್ಲಿ ಹಿಡಿದು ನಿಂತದ್ದು ಬಡವನ ಕೈ. ಇದನ್ನು ತೋರಿಸುವ ಧೈರ್ಯ ಸಿನಿಮಾಕ್ಕಿಲ್ಲ. ಒಬ್ಬ ಜಮೀನ್ದಾರನನ್ನು ಕೊಚ್ಚಿ ಹಾಕಿದರೆ ಟಾಕೀಸಿನಲ್ಲಿ ಕೂತ ಎಲ್ಲರೂ ಶಿಳ್ಳೆ ಹೊಡೆಯಬಹುದು. ತನ್ನ ಬೀದಿಗೆ ನಮ್ಮನ್ನು ಬಿಡದವನೂ ಹೊಡೆಯಬಹುದು. ಅವನು ಹೊಡೆಯಲಾಗದೆ ಕೈ ಕೆಳಗಿಳಿಸಿ ಕೂರುವ ಒಂದು ದೃಶ್ಯ ಯಾವ ಚಿತ್ರದಲ್ಲಿ ಬರುತ್ತದೋ, ಆ ಚಿತ್ರಕ್ಕಾಗಿ ನಾನು ಕಾಯುತ್ತಿದ್ದೇನೆ.

ಕೊರತೆ ಇನ್ನೊಂದಿದೆ. ನಮ್ಮ ನಗು ಎಲ್ಲಿ? ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ರಾತ್ರಿಯಿಡೀ ಕೂತು ಕಡಲೆಕಾಯಿ ತಿನ್ನುತ್ತಾರಲ್ಲ, ಸಿದ್ದಲಿಂಗಯ್ಯನವರ 'ಊರುಕೇರಿ'ಯಲ್ಲಿ ಸಂಕಟದ ನಡುವೆಯೇ ಕಿಸಕ್ಕನೆ ನಗು ಬರುತ್ತದಲ್ಲ, ಆ ಬದುಕು ಕ್ಯಾಮೆರಾಕ್ಕೆ ಕಂಡಿಲ್ಲ. ಸಿನಿಮಾದ ದಲಿತ ಒಂದೋ ಅಳುತ್ತಾನೆ, ಇಲ್ಲವೇ ಗುಡುಗುತ್ತಾನೆ. ನಮ್ಮ ಹೆಂಗಸರಿಗಂತೂ ಗುಡುಗುವುದಕ್ಕೂ ಅವಕಾಶವಿಲ್ಲ. 'ಮಹಾನಾಯಕ'ದಲ್ಲೂ ಅವರು ಹೆಚ್ಚಾಗಿ ಕಣ್ಣೀರು ಒರೆಸುವ ತಾಯಂದಿರು. ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಸಾಲಾಗಿ ಕೂತು ಕಳೆ ಕೀಳುತ್ತಾ, ಮೇಸ್ತ್ರಿಯನ್ನು ಆಡಿಕೊಂಡು, ಕೂಲಿ ಚೌಕಾಶಿ ಮಾಡಿ ಗೆಲ್ಲುವ ಹೆಂಗಸರನ್ನು ಯಾವ ನಿರ್ದೇಶಕ ನೋಡಿದ್ದಾನೆ?

ಇದನ್ನು ಓದುವ ಗೆಳೆಯರಲ್ಲಿ ಬರೆಯುವವರಿದ್ದೀರಿ, ಸಂಘಟನೆಯಲ್ಲಿರುವವರಿದ್ದೀರಿ, ಕ್ಯಾಮೆರಾ ಹಿಡಿಯಲು ಕಲಿಯುತ್ತಿರುವ ವಿದ್ಯಾರ್ಥಿಗಳೂ ಇರಬಹುದು. ನಿಮ್ಮ ನಿಮ್ಮ ತಾಲ್ಲೂಕು ಕಛೇರಿಯ ರೆಕಾರ್ಡು ರೂಮಿಗೆ ಒಮ್ಮೆ ಹೋಗಿ. ನಿಮ್ಮ ಕೇರಿಗೆ ಮಂಜೂರಾದ ಜಮೀನು ಎಷ್ಟು, ಅದು ಯಾರ ಹೆಸರಿಗೆ ಹೋಯಿತು, ಎಷ್ಟು ಕೇಸು ನಡೆದವು, ಬರೆದುಕೊಳ್ಳಿ. ಮುಂದಿನ ಚಿತ್ರದ ಕತೆ ಆ ಕಡತಗಳಲ್ಲಿದೆ. ಚೋಮ ದುಡಿಯನ್ನು ಕೆಳಗಿಟ್ಟು ಅರ್ಜಿ ಬರೆಯುವ ಪಿಕ್ಚರ್ ಬರಲಿ. ಅದಕ್ಕೆ ನಾನು ಮೊದಲ ಆಟಕ್ಕೇ ಟಿಕೆಟ್ ತಗೋತೀನಿ, ಅಕ್ಕನ ಮಗಳನ್ನೂ ಕರ್ಕೊಂಡು ಹೋಗ್ತೀನಿ.